2001ರ ಹಳೇ ಡೀಸೆಲ್ ಮೋಟರ್‌ಹೋಮ್, ಕೇಳುತ್ತಿರುವುದು 32,000 ಡಾಲರ್. ತಗೋಬಹುದಾ?

ಹಾಸನ_ಡಲ್ಲಾಸ್

ಎಲ್ಲರಿಗೂ ನಮಸ್ಕಾರ. ನಾವಿರುವುದು ಡಲ್ಲಾಸ್ ಪಕ್ಕ. ನಾನು, ನನ್ನ ಹೆಂಡತಿ, ಎಂಟು ಮತ್ತು ಐದು ವರ್ಷದ ಇಬ್ಬರು ಮಕ್ಕಳು. ಏಪ್ರಿಲ್‌ನಲ್ಲಿ ಅಪ್ಪ ಅಮ್ಮ ಹಾಸನದಿಂದ ಬರುತ್ತಿದ್ದಾರೆ, ಆರು ತಿಂಗಳು ಇರುತ್ತಾರೆ. ಅಮ್ಮನಿಗೆ ಮಂಡಿ ನೋವು, ಕಾರಿನಲ್ಲಿ ಎರಡು ಗಂಟೆ ಕೂತರೆ ಇಳಿಯುವಾಗ ಕಷ್ಟಪಡುತ್ತಾರೆ. ಅಪ್ಪನಿಗೆ ಶುಗರ್ ಇದೆ, ಹೊತ್ತಿಗೆ ಸರಿಯಾಗಿ ಮನೆ ಊಟ ಆಗಬೇಕು. ಇಬ್ಬರಿಗೂ ಯೆಲ್ಲೋಸ್ಟೋನ್, ಗ್ರ್ಯಾಂಡ್ ಕ್ಯಾನ್ಯನ್ ತೋರಿಸಬೇಕು ಅಂತ ನನಗೆ ಬಹಳ ವರ್ಷದ ಆಸೆ. ಅದಕ್ಕೇ ಮೋಟರ್‌ಹೋಮ್, ಅಂದರೆ ಒಳಗೇ ಮಲಗಲು, ಅಡುಗೆ ಮಾಡಲು ಜಾಗ ಇರುವ ಗಾಡಿ, ಹುಡುಕುತ್ತಿದ್ದೇವೆ.

ಒಂದು ಸಿಕ್ಕಿದೆ. 2001ರ ಮಾಡೆಲ್, 36 ಅಡಿ, ಎಂಜಿನ್ ಹಿಂದೆ ಇರುವ ಡೀಸೆಲ್ ಗಾಡಿ. ಕಮಿನ್ಸ್ 5.9 ಲೀಟರ್, 275 ಎಚ್‌ಪಿ, ಆಲಿಸನ್ ಆಟೊಮ್ಯಾಟಿಕ್ ಗೇರ್‌ಬಾಕ್ಸ್, ಫ್ರೈಟ್‌ಲೈನರ್ ಚಾಸಿ. ಓಡಿರುವುದು 61,000 ಮೈಲಿ. ಒಂದು ಸ್ಲೈಡ್ (ಗಾಡಿ ನಿಂತಾಗ ಹೊರಗೆ ಚಾಚುವ ಭಾಗ), 7.5 ಕಿಲೋವ್ಯಾಟ್ ಓನನ್ ಡೀಸೆಲ್ ಜನರೇಟರ್. ಮಾಲೀಕರಿಗೆ ವಯಸ್ಸಾಗಿದೆ, ಇನ್ನು ಓಡಿಸಲು ಆಗಲ್ಲ ಅಂತ ಮಾರುತ್ತಿದ್ದಾರೆ. ಒಳಗೆಲ್ಲ ಹೊಸದರ ಹಾಗೆ ಹೊಳೆಯುತ್ತಿದೆ. ಟಯರ್ ಸವೆದೇ ಇಲ್ಲ.

ಹಳೇ ಗಾಡಿ ಅಂದ ತಕ್ಷಣ ಗೆಳೆಯರೆಲ್ಲ ಬೇಡ ಅನ್ನುತ್ತಿದ್ದಾರೆ. ನಿಜವಾಗಿ ಓಡಿಸಿದವರು ಹೇಳಿ. ಏನೇನು ನೋಡಬೇಕು? ಯಾವುದು ಕಂಡರೆ ಸೀದಾ ಎದ್ದು ಬರಬೇಕು?

ಲೆಕ್ಕದ_ಮೇಷ್ಟ್ರು

ಬೇಡ.

ಕಾರಣ ಹೇಳುತ್ತೇನೆ. 32,000 ಬರೀ ಬಾಗಿಲು ತೆಗೆಯುವ ದುಡ್ಡು. ಟೆಕ್ಸಸ್‌ನಲ್ಲಿ ಗಾಡಿ ತೆರಿಗೆ 6.25 ಪರ್ಸೆಂಟ್, ಅಂದರೆ 2,000. ನಿಮ್ಮ ಬಡಾವಣೆಯಲ್ಲಿ ಮನೆ ಮುಂದೆ ನಿಲ್ಲಿಸಲು ಬಿಡುತ್ತಾರಾ? ಬಿಡದಿದ್ದರೆ ತಿಂಗಳು ತಿಂಗಳು ಶೆಡ್ ಬಾಡಿಗೆ. ಇನ್ಶೂರೆನ್ಸ್ ಬೇರೆ. ಗ್ಯಾಲನ್‌ಗೆ ಎಂಟು ಮೈಲಿ ಬಂದರೆ ಪುಣ್ಯ. ಯೆಲ್ಲೋಸ್ಟೋನ್ ಹೋಗಿ ಬರಲು, ಅಲ್ಲಿ ಸುತ್ತಾಟ ಸೇರಿ 2,800 ಮೈಲಿ ಅಂತ ಇಟ್ಟುಕೊಳ್ಳಿ. 350 ಗ್ಯಾಲನ್ ಡೀಸೆಲ್. ಗ್ಯಾಲನ್ 3.60 ಅಂದರೂ 1,260 ಡಾಲರ್ ಬರೀ ಟ್ಯಾಂಕಿಗೆ.

ಇಷ್ಟು ಹಳೇ ಗಾಡಿಗೆ ಬಹಳ ಬ್ಯಾಂಕುಗಳು ಸಾಲ ಕೊಡಲ್ಲ. ಕೈಯಿಂದಲೇ ಹಾಕಬೇಕು. ಎರಡು ಸಲ ಬಾಡಿಗೆ ಆರ್‌ವಿ (ಇಂಥದ್ದೇ ಗಾಡಿ) ತಗೊಂಡು ಅಪ್ಪ ಅಮ್ಮನಿಗೆ ತೋರಿಸಿ, ವಾಪಸ್ ಕೊಟ್ಟು ಆರಾಮಾಗಿರಿ.

ಗಾಲಿ_ಮನೆ

ಮೇಷ್ಟ್ರ ಲೆಕ್ಕ ಸರಿ, ತೀರ್ಮಾನ ತಪ್ಪು. ಆರು ಜನಕ್ಕೆ ಹೋಟೆಲಿನಲ್ಲಿ ಎರಡು ರೂಮು ಬೇಕು, ಮೂರು ಹೊತ್ತು ಹೊರಗಿನ ಊಟ. ಅದನ್ನೂ ಕೂಡಿಸಿ ನೋಡಿ. ಆರು ತಿಂಗಳು ಹಿರಿಯರು ಇರುತ್ತಾರೆ ಅಂದರೆ ಒಂದೇ ಟ್ರಿಪ್ ಅಲ್ಲ, ಶನಿವಾರ ಭಾನುವಾರವೂ ಎಲ್ಲಾದರೂ ಹೋಗಬಹುದು.

ನಾನು ಅರಿಜೋನಾದಲ್ಲಿದ್ದೇನೆ. ಇಂಥದ್ದೇ ಗಾಡಿ ವರ್ಷಗಳಿಂದ ಇಟ್ಟುಕೊಂಡಿದ್ದೇನೆ, ನನ್ನದು 2003ರದು. ಹಾಸನದವರೇ, ಮೊದಲು ಒಂದು ಕೆಲಸ ಮಾಡಿ. ಟಯರ್ ಸವೆದಿಲ್ಲ ಅಂದಿರಲ್ಲ, ಅದು ಮುಖ್ಯವೇ ಅಲ್ಲ. ಮೋಟರ್‌ಹೋಮ್ ಟಯರ್ ಸವೆದು ಸಾಯುವುದಿಲ್ಲ, ವಯಸ್ಸಾಗಿ ಸಾಯುತ್ತದೆ. ಟಯರಿನ ಪಕ್ಕದಲ್ಲಿ ಡಿಒಟಿ ಅಂತ ಶುರುವಾಗುವ ಸಾಲು ಇರುತ್ತದೆ. ಅದರ ಕೊನೆಯ ನಾಲ್ಕು ಅಂಕಿ ನೋಡಿ. 3514 ಅಂತ ಇದ್ದರೆ 2014ರ 35ನೇ ವಾರ ಮಾಡಿದ್ದು. ಆ ಸಾಲು ಕೆಲವೊಮ್ಮೆ ಒಳಮುಖಕ್ಕೆ ಇರುತ್ತದೆ, ಟಾರ್ಚ್ ಹಿಡಿದು ಗಾಡಿ ಕೆಳಗೆ ಬಗ್ಗಿ ನೋಡಬೇಕು. ಏಳು ವರ್ಷ ದಾಟಿದ್ದರೆ ನಾನು ಹೈವೇಗೆ ತರಲ್ಲ. ಮಿಶೆಲಿನ್‌ನವರೇ ಐದು ವರ್ಷ ಆದ ಮೇಲೆ ಪ್ರತಿ ವರ್ಷ ತೋರಿಸಿ, ಹತ್ತು ಆದರೆ ನೋಡಲು ಚೆನ್ನಾಗಿದ್ದರೂ ಬದಲಿಸಿ ಅನ್ನುತ್ತಾರೆ. ಮುಂದಿನ ಟಯರ್ 65 ಮೈಲಿ ವೇಗದಲ್ಲಿ ಒಡೆದರೆ ಸ್ಟೀರಿಂಗ್ ಹಿಡಿಯುವುದು ಸುಲಭ ಅಲ್ಲ. ಹಿಂದಿನದು ಒಡೆದರೆ ಕೆಳಗಿನ ವೈರ್, ಪೈಪ್, ಬಾಡಿ ಎಲ್ಲ ಹರಿದು ಹಾಕುತ್ತದೆ.

ಆರು ಟಯರ್, 22.5 ಇಂಚಿನವು. ಕೂಲಿ ಸೇರಿ ನಾಲ್ಕು ಸಾವಿರ ಡಾಲರ್ ಹತ್ತಿರ ಬರುತ್ತದೆ. ಆ ದುಡ್ಡನ್ನು ಬೆಲೆಯಲ್ಲೇ ಇಳಿಸಿ ಕೇಳಿ.

ಕರಾವಳಿ_ಫ್ಲೋರಿಡಾ

ಟಯರ್ ಬದಲಾಯಿಸಬಹುದು. ಎಂಜಿನ್ನೂ ರಿಪೇರಿ ಮಾಡಿಸಬಹುದು. ನೀರು ಕುಡಿದ ಗೋಡೆಗೆ ಮದ್ದಿಲ್ಲ.

ಈ ಗಾಡಿಗಳ ಗೋಡೆ ಹೊರಗೆ ತೆಳು ಫೈಬರ್‌ಗ್ಲಾಸ್, ಅದರ ಹಿಂದೆ ತೆಳು ಪ್ಲೈವುಡ್, ಆಮೇಲೆ ಫೋಮ್, ಎಲ್ಲ ಗೋಂದಿನಲ್ಲಿ ಅಂಟಿಸಿದ್ದು. ಮೇಲಿನಿಂದ ನೀರು ಇಳಿದರೆ ಪ್ಲೈವುಡ್ ಉಬ್ಬಿ ಅಂಟು ಬಿಡುತ್ತದೆ. ಹೊರಗೆ ಗುಳ್ಳೆ ಕಾಣುತ್ತದೆ. ಸಂಜೆ ಓರೆ ಬಿಸಿಲಿನಲ್ಲಿ ಗಾಡಿಯ ಮೂಲೆಯಲ್ಲಿ ನಿಂತು ಉದ್ದಕ್ಕೆ ಕಣ್ಣು ಹಾಯಿಸಿ, ಅಲೆ ಅಲೆಯಾಗಿ ಕಂಡರೆ ಅಲ್ಲಿಂದ ಹೊರಡಿ.

ಒಳಗೆ: ಮೇಲಿನ ಕಪಾಟುಗಳನ್ನೆಲ್ಲ ತೆಗೆದು ಮೂಲೆ ಮುಟ್ಟಿ ನೋಡಿ. ಹಾಸಿಗೆ ಎತ್ತಿ ನೋಡಿ. ಸ್ಲೈಡ್ ಹೊರಗೆ ಚಾಚಿದಾಗ ಅದರ ನೆಲದ ಅಂಚು ಒತ್ತಿ ನೋಡಿ, ಮೆತ್ತಗಿರಬಾರದು. ಕಿಟಕಿ ಕೆಳಗಿನ ವಾಲ್‌ಪೇಪರ್ ಬಣ್ಣ ನೋಡಿ. ತೇವ ಅಳೆಯುವ ಮೀಟರ್ ಮೂವತ್ತು ನಲವತ್ತು ಡಾಲರಿಗೆ ಸಿಗುತ್ತದೆ, ತಗೊಂಡೇ ಹೋಗಿ. ಮತ್ತೆ ಏಣಿ ಹತ್ತಿ ಮೇಲ್ಛಾವಣಿ ನೋಡದೆ ಒಂದು ಡಾಲರೂ ಕೊಡಬೇಡಿ. ವೆಂಟ್, ಎಸಿ, ಆಂಟೆನಾ ಸುತ್ತ ಹಚ್ಚಿದ ಸೀಲೆಂಟ್ ಬಿರುಕು ಬಿಟ್ಟಿದೆಯಾ ನೋಡಿ. ಒಳಗೆ ಹೊಳೆಯುತ್ತಿದೆ ಅಂದಿರಿ. ರೂಮ್ ಫ್ರೆಶ್ನರ್ ವಾಸನೆ ಜಾಸ್ತಿ ಇತ್ತಾ?

ಹಾಸನ_ಡಲ್ಲಾಸ್

@ಕರಾವಳಿ_ಫ್ಲೋರಿಡಾ ಇತ್ತು ಸರ್. ಲ್ಯಾವೆಂಡರ್ ಥರ. ಹಳೇ ಗಾಡಿ, ಮುಚ್ಚಿಟ್ಟಿರುತ್ತಾರೆ, ಅದಕ್ಕೇ ಹಾಕಿರಬಹುದು ಅಂದುಕೊಂಡೆ.

ಕರಾವಳಿ_ಫ್ಲೋರಿಡಾ

ಇರಬಹುದು. ಆದರೂ ಮೀಟರ್ ಹಿಡಿದೇ ನೋಡಿ. ಮಳೆ ಬಂದ ಮಾರನೇ ದಿನ ಹೋದರೆ ಇನ್ನೂ ಒಳ್ಳೆಯದು.

ಮಲ್ನಾಡ್_ಓರೆಗಾನ್

ಡೀಸೆಲ್ ಯಾಕೆ ಅಂತ ಯಾರೂ ಕೇಳಲೇ ಇಲ್ಲ. ನಮ್ಮ ಹತ್ತಿರ ಫೋರ್ಡ್ ವಿ10 ಪೆಟ್ರೋಲ್ ಗಾಡಿ ಇದೆ. ಆಯಿಲ್ ಚೇಂಜ್ ಸುಲಭ, ಟಯರ್ ಚಿಕ್ಕದು, ಯಾವ ಊರಿನಲ್ಲಿ ಬೇಕಾದರೂ ಮೆಕ್ಯಾನಿಕ್ ಸಿಗುತ್ತಾನೆ. ಡೀಸೆಲ್ ಗಾಡಿಯಲ್ಲಿ ಪ್ರತಿಯೊಂದು ಬಿಡಿಭಾಗಕ್ಕೂ ಲಾರಿ ರೇಟು. ವರ್ಷಕ್ಕೆ ಮೂರು ನಾಲ್ಕು ಸಲ ಓಡಿಸುವವರಿಗೆ ಡೀಸೆಲ್ ಸುಮ್ನೆ ಖರ್ಚು.

ಗಾಲಿ_ಮನೆ

@ಮಲ್ನಾಡ್_ಓರೆಗಾನ್ ಅವರೇ, ವಿ10 ಒಳ್ಳೇ ಎಂಜಿನ್, ಒಪ್ಪುತ್ತೇನೆ. ಆದರೆ ಅದು ನಿಮ್ಮ ಕಾಲಿನ ಪಕ್ಕದಲ್ಲೇ ಕೂತಿರುತ್ತದೆ. ಘಾಟಿ ಹತ್ತುವಾಗ ಅದರ ಕೂಗಿಗೆ ಹಿಂದೆ ಕೂತವರ ಮಾತು ಕೇಳಲ್ಲ. ಡೀಸೆಲ್ ಪುಷರ್‌ನಲ್ಲಿ, ಅಂದರೆ ಹಿಂದೆ ಎಂಜಿನ್ ಇರುವ ಇಂಥ ಗಾಡಿಯಲ್ಲಿ, ಎಂಜಿನ್ 30 ಅಡಿ ಹಿಂದೆ. ಏರ್ ಸಸ್ಪೆನ್ಷನ್. ಮಂಡಿ ನೋವಿರುವ ಅಮ್ಮನಿಗೆ ಈ ಎರಡರ ವ್ಯತ್ಯಾಸ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ. ಇಳಿಜಾರಿನಲ್ಲಿ ಎಕ್ಸಾಸ್ಟ್ ಬ್ರೇಕ್ (ಎಂಜಿನ್ನಿನ ಹೊಗೆ ತಡೆದು ವೇಗ ಇಳಿಸುವುದು) ಇದ್ದರೆ ಕಾಲು ಬ್ರೇಕ್ ಮೇಲೆ ಇಡುವುದೇ ಅಪರೂಪ.

ಡಿಪೋ_ಮಗ

ಸ್ವಲ್ಪ ಉದ್ದ ಬರೆಯುತ್ತೇನೆ, ಇದು ನನ್ನ ಕೆಲಸವೇ. ಅಪ್ಪ ಕೆಎಸ್‌ಆರ್‌ಟಿಸಿ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದರು, ನಾನು ಈಗ ಒಹಾಯೋದಲ್ಲಿ ಲಾರಿ ರಿಪೇರಿ ಮಾಡುತ್ತೇನೆ.

ಕಮಿನ್ಸ್ 5.9 ನಮ್ಮವರಿಗೆ ಹೊಸದಲ್ಲ. ಇದೇ ಬಿ ಸೀರೀಸ್ ಎಂಜಿನ್ನನ್ನು ಜಮ್ಶೆಡ್‌ಪುರದಲ್ಲಿ ಟಾಟಾ ಕಮಿನ್ಸ್ ಮಾಡುತ್ತಿತ್ತು, ಟಾಟಾ ಲಾರಿಗಳಿಗೆ ಹಾಕುತ್ತಿದ್ದರು. ಗಟ್ಟಿ ಎಂಜಿನ್. 61,000 ಮೈಲಿ ಅಂದರೆ ಇದಕ್ಕೆ ಏನೂ ಅಲ್ಲ. ಆದರೆ 2001 ಅಂದಾಗ ಮೂರು ವಿಷಯ ನೋಡಲೇಬೇಕು.

ಬ್ಲಾಕ್ (ಎಂಜಿನ್ನಿನ ಮುಖ್ಯ ಎರಕದ ಭಾಗ) ನಂಬರ್. 1999ರಿಂದ 2001ರ ಆಸುಪಾಸಿನ ಕೆಲವು 24 ವಾಲ್ವ್ ಎಂಜಿನ್‌ಗಳ ಬ್ಲಾಕ್ ಮೇಲೆ 53 ಅಂತ ಎರಕದಲ್ಲೇ ಮೂಡಿರುತ್ತದೆ. ಆ ಬ್ಲಾಕಿನಲ್ಲಿ ನೀರು ಓಡುವ ಜಾಗದ ಗೋಡೆ ತೆಳು. ಕೆಲವು ಬಿರುಕು ಬಿಟ್ಟು ಕೂಲೆಂಟ್ (ಎಂಜಿನ್ ತಂಪಾಗಿಡುವ ದ್ರವ) ಸೋರುತ್ತವೆ. ಎಲ್ಲವೂ ಬಿರುಕು ಬಿಡುತ್ತವೆ ಅಂತಲ್ಲ, ಅಂಥ ಬ್ಲಾಕ್ ಇಟ್ಟುಕೊಂಡು ಲಕ್ಷಗಟ್ಟಲೆ ಮೈಲಿ ಓಡಿಸಿದವರೂ ಇದ್ದಾರೆ. ಆದರೆ ಕೊಳ್ಳುವವನಿಗೆ ಮೊದಲೇ ಗೊತ್ತಿರಬೇಕು. ಇಂಜೆಕ್ಷನ್ ಪಂಪ್ (ಎಂಜಿನ್ನಿಗೆ ಡೀಸೆಲ್ ಒತ್ತಿ ಕಳಿಸುವ ಪಂಪ್) ಇರುವ ಪಕ್ಕದಲ್ಲಿ ಕೆಳಗಡೆ ಕನ್ನಡಿ, ಟಾರ್ಚ್ ಹಿಡಿದು ಹುಡುಕಿ. ಹಿಂದಿನ ಮಂಚದ ಹಲಗೆ ಎತ್ತಿದರೆ ಎಂಜಿನ್ ಮೇಲ್ಭಾಗ ಕಾಣುತ್ತದೆ, ಅಲ್ಲಿಂದಲೂ ನೋಡಬಹುದು.

ಇಂಜೆಕ್ಷನ್ ಪಂಪ್. ಆ ಕಾಲದ 24 ವಾಲ್ವ್‌ಗೆ ವಿಪಿ44 ಪಂಪ್ ಬರುತ್ತದೆ. ಅದರ ಒಳಗೆ ಎಣ್ಣೆ ಬೇರೆ ಇಲ್ಲ. ಹರಿಯುವ ಡೀಸೆಲ್ಲೇ ಅದನ್ನು ತಂಪಾಗಿಡುವುದು, ಜಾರುವಂತೆ ಇಡುವುದು. ಟ್ಯಾಂಕಿನಿಂದ ಅದಕ್ಕೆ ಡೀಸೆಲ್ ತರುವ ಚಿಕ್ಕ ಲಿಫ್ಟ್ ಪಂಪ್ ಸೊರಗಿದರೆ ಡೀಸೆಲ್ ಕಮ್ಮಿಯಾಗಿ ವಿಪಿ44 ಒಣಗಿ ಸಾಯುತ್ತದೆ. ಚಿಕ್ಕದು ಹೋದದ್ದು ಚಾಲಕನಿಗೆ ಗೊತ್ತೇ ಆಗಲ್ಲ, ದೊಡ್ಡದು ಹೋದಾಗ ರಸ್ತೆ ಮಧ್ಯೆ ನಿಲ್ಲುತ್ತಾನೆ. ಲಿಫ್ಟ್ ಪಂಪ್ ಯಾವಾಗ ಬದಲಿಸಿದ್ದಾರೆ, ಬಿಲ್ ಇದೆಯಾ ಕೇಳಿ. ತಗೊಂಡ ಮೇಲೆ ಒಂದು ಫ್ಯೂಯೆಲ್ ಪ್ರೆಶರ್ ಗೇಜ್ ಹಾಕಿಸಿ.

ರೇಡಿಯೇಟರ್. ಈ ಚಾಸಿಯಲ್ಲಿ ಬಹಳ ಗಾಡಿಗಳಿಗೆ ರೇಡಿಯೇಟರ್ ಹಿಂದಿನ ತುದಿಯಲ್ಲಿರುತ್ತದೆ. ಎಂಜಿನ್ನಿನ ಉಸಿರಾಟದ ಪೈಪಿನಿಂದ ಎಣ್ಣೆ ಹಬೆ ಬರುತ್ತದೆ. ಫ್ಯಾನ್ ಅದನ್ನು ರಸ್ತೆ ಧೂಳಿನ ಜೊತೆ ರೇಡಿಯೇಟರಿಗೆ ಬಡಿಯುತ್ತದೆ. ವರ್ಷಗಟ್ಟಲೆ ಬಡಿದು ಬಡಿದು ಒಳಗಿನ ಮುಖದ ಮೇಲೆ ಜಿಡ್ಡಿನ ಕಂಬಳಿ ಹೊದ್ದ ಹಾಗಾಗುತ್ತದೆ. ಹೊರಗಿನಿಂದ ನೋಡಿದರೆ ಚೊಕ್ಕಟವಾಗೇ ಕಾಣುತ್ತದೆ! ಒಳಗಿನ ಮುಖ ನೋಡಬೇಕು. ಘಾಟಿಯಲ್ಲಿ ಎಂಜಿನ್ ಬಿಸಿಯಾಗುವುದಕ್ಕೆ ಬಹಳ ಸಲ ಕಾರಣ ಇದೇ.

ಇನ್ನೊಂದು. ನೀವು ಹೋಗುವ ಮೊದಲು ಎಂಜಿನ್ ಸ್ಟಾರ್ಟ್ ಮಾಡಬೇಡಿ ಅಂತ ಮಾಲೀಕರಿಗೆ ಫೋನ್ ಮಾಡಿ ಹೇಳಿ. ಹೋದ ಕೂಡಲೇ ಕೈ ಇಟ್ಟು ನೋಡಿ, ತಣ್ಣಗಿರಬೇಕು. ತಣ್ಣನೆ ಎಂಜಿನ್ ಹೇಗೆ ಏಳುತ್ತದೆ, ಹೊಗೆ ಯಾವ ಬಣ್ಣ, ಎಷ್ಟು ಹೊತ್ತು ಬರುತ್ತದೆ, ಅದರಲ್ಲಿ ಅರ್ಧ ಕಥೆ ಗೊತ್ತಾಗುತ್ತದೆ. ಎಂಜಿನ್ ಆಯಿಲ್, ಗೇರ್ ಆಯಿಲ್, ಕೂಲೆಂಟ್ ಮೂರರ ಸ್ಯಾಂಪಲ್ ತೆಗೆದು ಲ್ಯಾಬಿಗೆ ಕಳಿಸಿ. ತಲಾ ಮೂವತ್ತು ನಲವತ್ತು ಡಾಲರ್. ಎಣ್ಣೆಯಲ್ಲಿ ಕೂಲೆಂಟ್ ಇದೆಯಾ, ಲೋಹದ ಪುಡಿ ಜಾಸ್ತಿ ಇದೆಯಾ ಹೇಳಿಬಿಡುತ್ತಾರೆ.

ಬೆಂಗಳೂರು_ರೈಡರ್

ಒಂದು ಪ್ರಶ್ನೆ. ಇಷ್ಟು ಕಡಿಮೆಗೆ ಅಲ್ಲಿ ಸಿಗುತ್ತದೆ ಅಂದರೆ ಹಡಗಿನಲ್ಲಿ ಹಾಕಿ ಬೆಂಗಳೂರಿಗೆ ತರಿಸಬಹುದಾ?

ಡಿಪೋ_ಮಗ

@ಬೆಂಗಳೂರು_ರೈಡರ್ ಆಗಲ್ಲ ಗುರು. ಭಾರತಕ್ಕೆ ಹಳೇ ಗಾಡಿ ತರಬೇಕಾದರೆ ಮೂರು ವರ್ಷಕ್ಕಿಂತ ಹಳೆಯದಾಗಿರಬಾರದು, ಸ್ಟೀರಿಂಗ್ ಬಲಗಡೆ ಇರಬೇಕು. ಇದು ಎರಡರಲ್ಲೂ ಫೇಲ್. ಅಲ್ಲೇ ಟ್ರಾವೆಲರ್ ವ್ಯಾನ್ ತಗೊಂಡು ಮೋಟರ್‌ಹೋಮ್ ಮಾಡಿಸಿಕೊಳ್ಳುವವರಿದ್ದಾರೆ, ಅದಕ್ಕೂ ಆರ್‌ಟಿಓ ಒಪ್ಪಿಗೆ ಬೇಕು.

ಬೇಏರಿಯಾ_ಅಕ್ಕ

ಎಲ್ಲರೂ ಎಂಜಿನ್ ಬಗ್ಗೆ ಮಾತಾಡುತ್ತಿದ್ದೀರಿ. ನಾನು ಮಕ್ಕಳ ಬಗ್ಗೆ ಕೇಳುತ್ತೇನೆ. ಐದು ವರ್ಷದ ಮಗು ಎಲ್ಲಿ ಕೂರುತ್ತದೆ?

2001ರ ಮೋಟರ್‌ಹೋಮ್‌ನಲ್ಲಿ ಡ್ರೈವರ್ ಮತ್ತು ಪಕ್ಕದ ಸೀಟಿಗೆ ಮಾತ್ರ ಭುಜದ ಬೆಲ್ಟ್ ಇರುತ್ತದೆ. ಸೋಫಾದಲ್ಲಿ ಬರೀ ಸೊಂಟದ ಬೆಲ್ಟ್, ಅದೂ ಪಕ್ಕಕ್ಕೆ ಮುಖ ಮಾಡಿ ಕೂರಬೇಕು. ಪಕ್ಕಕ್ಕೆ ತಿರುಗಿದ ಸೀಟಿಗೆ ಮಕ್ಕಳ ಕಾರ್ ಸೀಟ್ ಹಾಕಲೇಬಾರದು. ಎಂಟು ವರ್ಷದ ಮಗುವಿಗೂ ಬೂಸ್ಟರ್ (ಎತ್ತರಕ್ಕೆ ಕೂರಿಸುವ ಸೀಟು) ಬೇಕಾಗಬಹುದು, ಅದಕ್ಕೆ ಭುಜದ ಬೆಲ್ಟ್ ಇರಲೇಬೇಕು. ಊಟದ ಟೇಬಲಿನ ಹತ್ತಿರ ಮುಂದಕ್ಕೆ ಮುಖ ಮಾಡಿದ ಸೀಟು ಇದೆಯಾ, ಅದಕ್ಕೆ ಬೆಲ್ಟ್ ಇದೆಯಾ, ಆ ಬೆಲ್ಟ್ ಉಕ್ಕಿಗೆ ಬೋಲ್ಟ್ ಆಗಿದೆಯಾ ಬರೀ ಪ್ಲೈವುಡ್‌ಗೆ ಹೊಡೆದಿದ್ದಾರಾ, ನೋಡಿ. ಆರು ಜನ ಮಲಗುತ್ತಾರೆ ಅಂತ ಜಾಹೀರಾತಿನಲ್ಲಿ ಬರೆಯುತ್ತಾರೆ. ಆರು ಜನ ಸುರಕ್ಷಿತವಾಗಿ ಕೂರುತ್ತಾರೆ ಅಂತ ಯಾರೂ ಬರೆಯಲ್ಲ.

ನಾನಾಗಿದ್ದರೆ ಹೆಂಡತಿ ಮಕ್ಕಳು ಹಿಂದೆ ಕಾರಿನಲ್ಲಿ ಬರಲಿ, ಅಪ್ಪ ಅಮ್ಮ ಮೋಟರ್‌ಹೋಮ್‌ನಲ್ಲಿ ಬರಲಿ ಅನ್ನುತ್ತಿದ್ದೆ. ಊರೊಳಗೆ ಓಡಾಡಲು ಹೇಗೂ ಕಾರು ಬೇಕಲ್ವಾ.

ಹಾಸನ_ಡಲ್ಲಾಸ್

ಅಕ್ಕ, ಇದು ನಮ್ಮ ತಲೆಗೇ ಬಂದಿರಲಿಲ್ಲ. ತುಂಬಾ ಥ್ಯಾಂಕ್ಸ್. ನಮ್ಮದು ಹೋಂಡಾ ಒಡಿಸ್ಸಿ. ಅದನ್ನು ಮೋಟರ್‌ಹೋಮ್ ಹಿಂದೆ ಕಟ್ಟಿ ಎಳೆಯಬಹುದು ಅಂದುಕೊಂಡಿದ್ದೆವು.

ಮಲ್ನಾಡ್_ಓರೆಗಾನ್

ಒಡಿಸ್ಸಿಯನ್ನು ನಾಲ್ಕೂ ಚಕ್ರ ನೆಲದ ಮೇಲೆ ಇಟ್ಟು ಎಳೆಯಲು ಆಗಲ್ಲ, ಗೇರ್‌ಬಾಕ್ಸ್ ಸುಟ್ಟು ಹೋಗುತ್ತದೆ. ಹೋಂಡಾದಲ್ಲಿ 2014ರವರೆಗಿನ ಸಿಆರ್‌ವಿ ಆಗುತ್ತದೆ, ಅದಕ್ಕೇ ಅಷ್ಟೊಂದು ಮೋಟರ್‌ಹೋಮ್ ಹಿಂದೆ ಹಳೇ ಸಿಆರ್‌ವಿ ಕಾಣುವುದು. ಅಕ್ಕ ಹೇಳಿದ ಹಾಗೆ ಹಿಂದೆ ಓಡಿಸಿಕೊಂಡು ಬರುವುದೇ ನಿಮಗೆ ಸರಿ.

ಲೆಕ್ಕದ_ಮೇಷ್ಟ್ರು

ಅಂದರೆ ಎರಡು ಗಾಡಿಯ ಇಂಧನ. ನನ್ನ ಲೆಕ್ಕಕ್ಕೆ ಇದನ್ನೂ ಸೇರಿಸಿ.

ಬೆಣ್ಣೆದೋಸೆ_ಡೆನ್ವರ್

ಮೇಷ್ಟ್ರೇ, ಕಳೆದ ಬೇಸಿಗೆಯಲ್ಲಿ ನಮ್ಮ ಅತ್ತೆ ಮಾವ ಇದ್ದಾಗ ನಾವೂ ಇಂಥ ಗಾಡಿಯಲ್ಲೇ ಓಡಾಡಿದೆವು. ಮಾವನಿಗೆ ಬೆಳಿಗ್ಗೆ ಸ್ನಾನ, ಪೂಜೆ ಆಗದೆ ತಿಂಡಿ ಇಳಿಯಲ್ಲ. ಟೀಟಾನ್ ಬೆಟ್ಟದ ಎದುರು ಗಾಡಿ ನಿಲ್ಲಿಸಿ, ಒಳಗೇ ಸ್ನಾನ ಮಾಡಿ, ಉಪ್ಪಿಟ್ಟು ತಿಂದು ಹೊರಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಹೋಟೆಲ್ ರೂಮಿನಲ್ಲಿ ಅದು ಆಗುತ್ತಿತ್ತಾ? ಈ ಲೆಕ್ಕವನ್ನೂ ಎಲ್ಲಾದರೂ ಬರೆದುಕೊಳ್ಳಿ.

ಅಡುಗೆ ಬಗ್ಗೆ ಎರಡು ಮಾತು. ಗಾಡಿಯ ಒಳಛಾವಣಿ ಬಟ್ಟೆಯದಾಗಿದ್ದರೆ ಒಗ್ಗರಣೆ ವಾಸನೆ ಹೀರಿಕೊಂಡು ಹೋಗುವುದೇ ಇಲ್ಲ. ಒಂದು ಸಿಂಗಲ್ ಇಂಡಕ್ಷನ್ ಒಲೆ ತಗೊಂಡು ಹೊರಗೆ ಗಾಡಿಯ ಪಕ್ಕಕ್ಕೆ ಬಿಚ್ಚುವ ಬಟ್ಟೆ ಚಪ್ಪರದ (ಆನಿಂಗ್) ಕೆಳಗೆ ಇಟ್ಟು ಒಗ್ಗರಣೆ ಹಾಕಿ. ಒಳಗೆ ಅನ್ನ, ಸಾರು ಮಾತ್ರ. ಕ್ಯಾಂಪ್‌ಗ್ರೌಂಡಿನಲ್ಲಿ 50 ಆಂಪಿಯರ್ ಪ್ಲಗ್ ಸಿಕ್ಕಿದರೆ ಎರಡು ಎಸಿ, ಇಂಡಕ್ಷನ್, ಮಿಕ್ಸಿ ಎಲ್ಲ ಒಟ್ಟಿಗೆ ಓಡುತ್ತದೆ. 30 ಸಿಕ್ಕಿದರೆ ಒಂದೊಂದೇ ಹಚ್ಚಬೇಕು.

ಬೇಏರಿಯಾ_ಅಕ್ಕ

ಇಂಡಕ್ಷನ್ ಬೇಡ, ಹೊರಗೆ ಚಿಕ್ಕ ಗ್ಯಾಸ್ ಒಲೆ ಇಡಿ. ಗಾಳಿ ತಡೆಯಲು ಮೂರು ಕಡೆ ತಗಡು. ರೊಟ್ಟಿ ಸುಡಲು ಇಂಡಕ್ಷನ್ ಆಗಲ್ಲ.

ಬೆಣ್ಣೆದೋಸೆ_ಡೆನ್ವರ್

ಅಕ್ಕ, ಬೇಸಿಗೆಯಲ್ಲಿ ಎಷ್ಟೋ ಕಡೆ ಬೆಂಕಿ ನಿರ್ಬಂಧ ಇರುತ್ತದೆ. ಕೆಲವು ಕಡೆ ಗ್ಯಾಸ್ ಒಲೆಗೆ ಬಿಡುತ್ತಾರೆ, ಕೆಲವು ಕಡೆ ಇಲ್ಲ. ಇಂಡಕ್ಷನ್‌ಗೆ ಯಾರೂ ಬೇಡ ಅನ್ನಲ್ಲ.

ಗಾಲಿ_ಮನೆ

ಅಡುಗೆ ಮನೆಗೇ ಬಂದಿದ್ದೇವೆ, ಹಾಗಾದರೆ ಫ್ರಿಜ್ ಬಗ್ಗೆಯೂ ಹೇಳಬೇಕು. ಈ ಗಾಡಿಗಳಲ್ಲಿ ಗ್ಯಾಸ್ ಮತ್ತು ಕರೆಂಟ್ ಎರಡರಲ್ಲೂ ಓಡುವ ಅಮೋನಿಯಾ ಫ್ರಿಜ್ ಇರುತ್ತದೆ. ಗಾಡಿ ವಾಲಿಸಿ ನಿಲ್ಲಿಸಿ ಓಡಿಸಿದರೆ ಅದರ ಹಿಂದಿನ ಪೈಪುಗಳು ಹಾಳಾಗುತ್ತವೆ. ಬೆಂಕಿ ಭಯದಿಂದ ನಾರ್ಕೋಲ್ಡ್ 1200 ಸೀರೀಸ್ ಫ್ರಿಜ್‌ಗಳನ್ನು ಸರಿಪಡಿಸಿಕೊಡಲು ಕಂಪನಿಯವರು ರೀಕಾಲ್ ಮಾಡಿದ್ದರು. ನಿಮ್ಮ ಗಾಡಿಯಲ್ಲಿ ಯಾವುದಿದೆ ನೋಡಿ, ಅದೇ ಆಗಿದ್ದರೆ ರೀಕಾಲ್ ಕೆಲಸ ಆಗಿದೆಯಾ ಕೇಳಿ. ಈಗ ಬಹಳ ಜನ ಅದನ್ನು ಕಿತ್ತು ಮನೆಯ ಮಾಮೂಲಿ ಫ್ರಿಜ್ ಹಾಕಿಸಿಕೊಳ್ಳುತ್ತಾರೆ.

ಜನರೇಟರ್ ಎಷ್ಟು ಗಂಟೆ ಓಡಿದೆ? ಇದರಲ್ಲಿ ಕಮ್ಮಿ ಓಡಿದ್ದರೆ ಒಳ್ಳೆಯದು ಅನ್ನುವಂತಿಲ್ಲ. ತಿಂಗಳಿಗೊಮ್ಮೆ ಎಸಿ ಹಾಕಿ, ಲೋಡ್ ಕೊಟ್ಟು ಓಡಿಸಬೇಕು. ಸುಮ್ನೆ ನಿಂತ ಜನರೇಟರ್ ಓಡಿದ ಜನರೇಟರ್‌ಗಿಂತ ಜಾಸ್ತಿ ಕೆಡುತ್ತದೆ.

ಹಾಸನ_ಡಲ್ಲಾಸ್

ಗಂಟೆ ಮೀಟರ್ 212 ತೋರಿಸುತ್ತಿದೆ. ಇಷ್ಟು ವರ್ಷಕ್ಕೆ ಅದು ಬಹಳ ಕಮ್ಮಿ ಅಲ್ವಾ?

ಗಾಲಿ_ಮನೆ

ಬಹಳ ಕಮ್ಮಿ. ಅರ್ಧ ಗಂಟೆ ಎರಡೂ ಎಸಿ ಹಾಕಿ ಓಡಿಸಿ ತೋರಿಸಿ ಅನ್ನಿ.

ಡಿಪೋ_ಮಗ

ಏರ್ ಬ್ರೇಕ್ ಬಗ್ಗೆ ಯಾರೂ ಬರೆದಿಲ್ಲ. ಇದನ್ನು ನೀವೇ ಪರೀಕ್ಷೆ ಮಾಡಬಹುದು, ಮೆಕ್ಯಾನಿಕ್ ಬೇಕಿಲ್ಲ. ಸಮತಟ್ಟಾದ ಜಾಗ, ಚಕ್ರಕ್ಕೆ ಅಡ್ಡ ಕಟ್ಟಿಗೆ ಇಡಿ. ಎಂಜಿನ್ ಓಡಿಸಿ ಗಾಳಿ ತುಂಬಲು ಬಿಡಿ, ಒತ್ತಡ ಸುಮಾರು 120 ಪಿಎಸ್‌ಐಗೆ ನಿಲ್ಲುತ್ತದೆ. ಎಂಜಿನ್ ಆಫ್ ಮಾಡಿ, ಪಾರ್ಕಿಂಗ್ ಬ್ರೇಕ್ ಬಿಡಿಸಿ ಒಂದು ನಿಮಿಷ ಮುಳ್ಳು ನೋಡಿ. ಎರಡು ಪಿಎಸ್‌ಐಗಿಂತ ಜಾಸ್ತಿ ಇಳಿಯಬಾರದು. ಬ್ರೇಕ್ ಒತ್ತಿ ಹಿಡಿದು ಇನ್ನೊಂದು ನಿಮಿಷ ನೋಡಿ, ಮೂರಕ್ಕಿಂತ ಜಾಸ್ತಿ ಇಳಿಯಬಾರದು. ಆಮೇಲೆ ಕೀ ಆನ್ ಮಾಡಿ, ಬ್ರೇಕನ್ನು ಒತ್ತಿ ಬಿಟ್ಟು ಮಾಡುತ್ತಾ ಗಾಳಿ ಖಾಲಿ ಮಾಡಿ. 60ಕ್ಕೆ ಇಳಿಯುವ ಮೊದಲೇ ಬಜರ್ ಕೂಗಬೇಕು. 20ರಿಂದ 45ರ ನಡುವೆ ಪಾರ್ಕಿಂಗ್ ಬ್ರೇಕಿನ ಹಳದಿ ಗುಂಡಿ ತಾನಾಗೇ ಹೊರಗೆ ಹಾರಬೇಕು. ಹಾರದಿದ್ದರೆ ಆ ಗಾಡಿಯನ್ನು ಅಲ್ಲಿಂದ ಓಡಿಸಿಕೊಂಡು ಬರಬೇಡಿ.

ಏರ್ ಟ್ಯಾಂಕಿನ ಕೆಳಗಿನ ದಾರ ಎಳೆದು ನೀರು ಬಿಡಿಸಿ. ಎಣ್ಣೆ ಬಂದರೆ ಕಂಪ್ರೆಸರ್ ಸವೆದಿದೆ. ಬೆಳಿಗ್ಗೆ ಬಸ್ ಹೊರಡುವ ಮೊದಲು ಟ್ಯಾಂಕಿನ ನೀರು ಬಿಡದ ಚಾಲಕನನ್ನು ಅಪ್ಪ ಡಿಪೋ ಗೇಟು ದಾಟಲು ಬಿಡುತ್ತಿರಲಿಲ್ಲ.

ಕರಾವಳಿ_ಫ್ಲೋರಿಡಾ

ಲೈಸೆನ್ಸ್ ವಿಷಯ? ಟೆಕ್ಸಸ್‌ನಲ್ಲಿ ಮಾಮೂಲಿ ಲೈಸೆನ್ಸ್ ಸಾಕಾ?

ಗಾಲಿ_ಮನೆ

ಒಳ್ಳೇ ಪ್ರಶ್ನೆ. ತೂಕದ ಮೇಲೆ ಹೋಗುತ್ತದೆ. ಟೆಕ್ಸಸ್‌ನಲ್ಲಿ ಗಾಡಿಯ ಗರಿಷ್ಠ ತೂಕ 26,000 ಪೌಂಡ್ ಮೀರಿದರೆ ಕ್ಲಾಸ್ ಬಿ ಲೈಸೆನ್ಸ್ ಬೇಕು. ಲಾರಿಯವರ ಕಮರ್ಷಿಯಲ್ ಲೈಸೆನ್ಸ್ ಅಲ್ಲ, ಸ್ವಂತಕ್ಕೆ ಓಡಿಸುವವರದು. ಬರೆಯುವ ಪರೀಕ್ಷೆ, ಓಡಿಸುವ ಪರೀಕ್ಷೆ ಎರಡೂ ಇದೆ. ಡ್ರೈವರ್ ಸೀಟಿನ ಹತ್ತಿರ ತಗಡು ಹೊಡೆದಿರುತ್ತಾರೆ, ಅದರಲ್ಲಿ ತೂಕ ನೋಡಿ.

ಹಾಸನ_ಡಲ್ಲಾಸ್

ಫೋಟೋದಲ್ಲಿ ನೋಡಿದೆ, 27,910 ಪೌಂಡ್. ಅಂದರೆ ಬೇಕು.

ಬೇಏರಿಯಾ_ಅಕ್ಕ

ನಮ್ಮ ಕ್ಯಾಲಿಫೋರ್ನಿಯಾದಲ್ಲಿ ಉದ್ದದ ಮೇಲೆ. 40 ಅಡಿ ದಾಟಿದರೆ ಬೇರೆ ಲೈಸೆನ್ಸ್. ಜೊತೆಗೆ ಇಲ್ಲೇ ರಿಜಿಸ್ಟರ್ ಆದ, 14,000 ಪೌಂಡ್ ಮೀರಿದ ಡೀಸೆಲ್ ಮೋಟರ್‌ಹೋಮಿಗೆ ಹೊಗೆ ಪರೀಕ್ಷೆಯೂ ಇದೆ. ಟೆಕ್ಸಸ್‌ನವರಿಗೆ ಆ ತೊಂದರೆ ಇಲ್ಲ.

ಮಲ್ನಾಡ್_ಓರೆಗಾನ್

ಇಷ್ಟೆಲ್ಲ ಪರದಾಡುವ ಬದಲು ಸ್ವಲ್ಪ ಜಾಸ್ತಿ ದುಡ್ಡು ಹಾಕಿ 2012, 2013ರದು ತಗೊಳ್ಳಿ ಅಂತ ನನ್ನ ಅಭಿಪ್ರಾಯ. ಹೊಸದಾದಷ್ಟೂ ತಲೆನೋವು ಕಮ್ಮಿ.

ಡಿಪೋ_ಮಗ

@ಮಲ್ನಾಡ್_ಓರೆಗಾನ್ ಡೀಸೆಲ್‌ನಲ್ಲಿ ಅದು ಉಲ್ಟಾ. 2007ರಿಂದ ಹೊಗೆ ಫಿಲ್ಟರ್ ಬಂತು, 2010ರಿಂದ ಯೂರಿಯಾ ದ್ರಾವಣ ಹಾಕುವ ಡಿಇಎಫ್ ಬಂತು. ದಿನಾ ಓಡುವ ಲಾರಿಗೆ ಅದು ಪರವಾಗಿಲ್ಲ. ತಿಂಗಳುಗಟ್ಟಲೆ ನಿಲ್ಲುವ ಮೋಟರ್‌ಹೋಮಿಗೆ ಆಗಿಬರಲ್ಲ. 2021ರಲ್ಲಿ ಡಿಇಎಫ್ ಟ್ಯಾಂಕಿನ ಸೆನ್ಸರ್ ಕೆಟ್ಟು, ಹೊಸದು ಎಲ್ಲೂ ಸಿಗದೆ ಎಷ್ಟೋ ಜನ ಗಾಡಿ ನಿಲ್ಲಿಸಿಕೊಂಡು ಕೂತಿದ್ದರು. 2001ರ ಗಾಡಿಯಲ್ಲಿ ಇದ್ಯಾವುದೂ ಇಲ್ಲ. ಅದಕ್ಕೇ 2006ರವರೆಗಿನ ಒಳ್ಳೇ ಗಾಡಿಗೆ ಇವತ್ತಿಗೂ ಬೆಲೆ ಇರುವುದು.

ಮಲ್ನಾಡ್_ಓರೆಗಾನ್

ಸರಿ, ಅದು ಗೊತ್ತಿರಲಿಲ್ಲ. ಆದರೆ ಬಾಡಿ ಮಾಡಿದ ಕಂಪನಿ ಇನ್ನೂ ಇದೆಯಾ? ಫ್ಲೀಟ್‌ವುಡ್, ಮೊನಾಕೊ ಎರಡೂ 2009ರಲ್ಲಿ ದಿವಾಳಿ ಅರ್ಜಿ ಹಾಕಿದ್ದವು. ಮುಂದಿನ ಗಾಜು, ಬಂಪರ್, ಬಾಗಿಲಿನ ಬೀಗ ಎಲ್ಲಿಂದ ತರುತ್ತಾರೆ?

ಗಾಲಿ_ಮನೆ

ಬಾಡಿಯ ಬಿಡಿಭಾಗಕ್ಕೆ ಹಳೇ ಗಾಡಿ ಬಿಚ್ಚುವ ಯಾರ್ಡುಗಳಿವೆ, ಹುಡುಕಬೇಕು. ಎಂಜಿನ್, ಗೇರ್, ಬ್ರೇಕ್ ಎಲ್ಲ ಲಾರಿಯದೇ, ಎಲ್ಲಾ ಕಡೆ ಸಿಗುತ್ತದೆ. ಫ್ರೈಟ್‌ಲೈನರ್‌ನ ಮೋಟರ್‌ಹೋಮ್ ಚಾಸಿ ವಿಭಾಗ ಸೌತ್ ಕ್ಯಾರೊಲಿನಾದ ಗ್ಯಾಫ್ನಿಯಲ್ಲಿದೆ. ವಿನ್ (ಗಾಡಿಯ ಗುರುತಿನ) ನಂಬರ್ ಕೊಟ್ಟರೆ ಆ ಚಾಸಿಗೆ ಯಾವ ಪಾರ್ಟ್ ಹಾಕಿದ್ದಾರೆ ಅಂತ ಪಟ್ಟಿ ಕೊಡುತ್ತಾರೆ. ತಗೊಳ್ಳುವ ಮೊದಲೇ ಫೋನ್ ಮಾಡಿ.

ಕೊನೆಗೆ ನಾನು ಹೇಳುವುದು ಇಷ್ಟೇ, ಗಾಡಿಯ ವಯಸ್ಸು ನೋಡಿ ಹೆದರಬೇಡಿ, ಕಾಗದ ನೋಡಿ ಹೆದರಿ. 2001ರದ್ದಾಗಲಿ, ಬಿಲ್‌ಗಳ ಫೈಲ್ ಇದ್ದರೆ ಧೈರ್ಯವಾಗಿ ಮಾತಾಡಬಹುದು. ಬಿಲ್ ಇಲ್ಲದ 2008ರ ಗಾಡಿ ನನಗೆ ಬೇಡ. ಬೆಲೆಯ ಮೂರನೇ ಒಂದು ಭಾಗ ಮೊದಲ ವರ್ಷದ ರಿಪೇರಿಗೆ ಪಕ್ಕಕ್ಕೆ ಇಡಿ. ಅಷ್ಟು ಇಡಲು ಆಗದಿದ್ದರೆ ಕಮ್ಮಿ ಬೆಲೆಯ ಗಾಡಿ ನೋಡಿ.

ಲೆಕ್ಕದ_ಮೇಷ್ಟ್ರು

ಈ ಮೂರನೇ ಒಂದು ಭಾಗದ ಮಾತು ಒಪ್ಪಿದೆ. ಅದನ್ನು ಇಟ್ಟುಕೊಂಡು ತಗೊಳ್ಳುವುದಾದರೆ ನನ್ನ ವಿರೋಧ ಇಲ್ಲ.

ಬೆಣ್ಣೆದೋಸೆ_ಡೆನ್ವರ್

36 ಅಡಿ ಎಲ್ಲಾ ಕಡೆ ಹೋಗಲ್ಲ ಅನ್ನುವುದೂ ನೆನಪಿರಲಿ. ಗ್ಲೇಸಿಯರ್‌ನ ಗೋಯಿಂಗ್ ಟು ದ ಸನ್ ರಸ್ತೆಯ ಬೆಟ್ಟದ ಭಾಗದಲ್ಲಿ 21 ಅಡಿ ಮೀರಿದ ಗಾಡಿ ಬಿಡಲ್ಲ. ನಿಮ್ಮ ಟೆಕ್ಸಸ್‌ನ ಬಿಗ್ ಬೆಂಡ್‌ನಲ್ಲೇ ಚಿಸೋಸ್ ಬೇಸಿನ್ ರಸ್ತೆಗೆ 24 ಅಡಿಗಿಂತ ಉದ್ದದ ಆರ್‌ವಿ ತರಬೇಡಿ ಅನ್ನುತ್ತಾರೆ. ಅದಕ್ಕೂ ಕಾರು ಬೇಕು. ಪಾರ್ಕಿನ ಒಳಗಿನ ಕ್ಯಾಂಪ್‌ಗ್ರೌಂಡ್ ಬುಕ್ ಮಾಡುವಾಗ ಪ್ರತಿ ಸೈಟಿನ ಉದ್ದ ಓದಿ. ಬೇಸಿಗೆಗೆ ಈಗಲೇ ಬುಕ್ ಮಾಡಿ, ಆಮೇಲೆ ಸಿಗಲ್ಲ.

ಹಾಸನ_ಡಲ್ಲಾಸ್

ಎಲ್ಲರಿಗೂ ತುಂಬಾ ಧನ್ಯವಾದ. ನಿನ್ನೆ ಒಬ್ಬ ಇನ್‌ಸ್ಪೆಕ್ಟರ್ ಕರೆದುಕೊಂಡು ಹೋಗಿ ನೋಡಿ ಬಂದೆವು.

ಬ್ಲಾಕ್ 53 ಅಲ್ಲ. ಎಂಜಿನ್ ತಣ್ಣಗಿತ್ತು, ತಕ್ಷಣ ಎದ್ದಿತು, ಸ್ವಲ್ಪ ಬಿಳಿ ಹೊಗೆ ಬಂದು ನಿಂತಿತು. ಏರ್ ಬ್ರೇಕ್ ಪರೀಕ್ಷೆ ಎಲ್ಲ ಪಾಸ್. ಟಯರ್ ಆರೂ 2013ರವು. ಲಿಫ್ಟ್ ಪಂಪ್ ಬಿಲ್ ಇಲ್ಲ. ಜನರೇಟರ್ ಒಂದು ಎಸಿಗೆ ಓಡಿತು, ಎರಡನೆಯದು ಹಾಕಿದಾಗ ನಿಂತಿತು.

ದೊಡ್ಡ ಸಮಸ್ಯೆ ಕರಾವಳಿಯವರು ಹೇಳಿದ್ದೇ. ಬೆಡ್‌ರೂಮಿನ ಬಲಗಡೆ ಹಿಂದಿನ ಮೂಲೆಯಲ್ಲಿ ಮೀಟರ್ ಪೂರ್ತಿ ಮೇಲೆ ಹೋಯಿತು. ಕಪಾಟಿನ ಒಳಗೆ ಹೊಸ ಬಣ್ಣ ಹೊಡೆದಿದ್ದಾರೆ. ಹೊರಗೆ ಒಂದು ಅಡಿಯಷ್ಟು ಜಾಗ ಒತ್ತಿದರೆ ಒಳಗೆ ಹೋಗುತ್ತದೆ. ಮಾಲೀಕರು ಒಳ್ಳೆಯವರು, ಅವರಿಗೂ ಗೊತ್ತಿರಲಿಲ್ಲ ಅನ್ನಿಸಿತು. ಅವರ ಪರವಾಗಿ ಮಾರಿಸಿಕೊಡುತ್ತಿರುವ ಡೀಲರ್ ಬಣ್ಣ ಹೊಡೆಸಿದ್ದು. ನಾನು 17,000 ಅಂದೆ. ಅವರು ನಗಲೂ ಇಲ್ಲ, ಬೈಯಲೂ ಇಲ್ಲ, ಆಗಲ್ಲ ಅಂದರು. ಬಿಟ್ಟು ಬಂದೆವು.

ಟೈಲರ್ ಊರಿನ ಹತ್ತಿರ ಇನ್ನೊಂದು ನೋಡಿದ್ದೇವೆ. 2004, 38 ಅಡಿ, ಕಮಿನ್ಸ್ ಐಎಸ್‌ಸಿ 8.3. ಒಬ್ಬರೇ ಮಾಲೀಕರು, ಬಿಲ್‌ಗಳ ಎರಡು ಫೈಲ್ ಇದೆಯಂತೆ. 41,000 ಕೇಳುತ್ತಿದ್ದಾರೆ.

ಕರಾವಳಿ_ಫ್ಲೋರಿಡಾ

ಬಿಟ್ಟಿದ್ದು ಸರಿ. ಒಂದು ಅಡಿ ಕಂಡಿದೆ ಅಂದರೆ ಒಳಗೆ ನಾಲ್ಕು ಅಡಿ ಇರುತ್ತದೆ.

ಡಿಪೋ_ಮಗ

8.3 ದೊಡ್ಡ ಎಂಜಿನ್, ಘಾಟಿಗೆ ಚೆನ್ನಾಗಿರುತ್ತದೆ. ಆದರೆ ಎರಡು ಪ್ರಶ್ನೆ ಕೇಳಿ. ಒಂದು, ಎಂಜಿನ್ ತಯಾರಾದ ವರ್ಷ ಯಾವುದು? ಗಾಡಿ 2004 ಆದರೂ ಎಂಜಿನ್ ಅದಕ್ಕಿಂತ ಹಳೆಯದಿರಬಹುದು. 2003ರ ಸುಮಾರಿನವರೆಗೆ ಐಎಸ್‌ಸಿಗೆ ಕ್ಯಾಪ್ಸ್ ಅನ್ನುವ ಡೀಸೆಲ್ ಪಂಪ್ ಬರುತ್ತಿತ್ತು, ಅದು ಕೆಟ್ಟರೆ ಬಹಳ ದುಬಾರಿ. ಆಮೇಲೆ ಕಾಮನ್ ರೈಲ್ ಅನ್ನುವ ಬೇರೆ ಡೀಸೆಲ್ ವ್ಯವಸ್ಥೆ ಬಂತು, ಅದು ವಾಸಿ. ಎಂಜಿನ್ ಸೀರಿಯಲ್ ನಂಬರ್ ಹಿಡಿದು ಕಮಿನ್ಸ್‌ಗೆ ಫೋನ್ ಮಾಡಿದರೆ ಹೇಳುತ್ತಾರೆ. ಎರಡು, ಕೂಲೆಂಟ್ ಯಾವಾಗ ಬದಲಿಸಿದ್ದಾರೆ? 8.3ರಲ್ಲಿ ಸಿಲಿಂಡರ್ ಲೈನರ್ (ಪಿಸ್ಟನ್ ಓಡುವ ಕೊಳವೆ) ನೇರ ಕೂಲೆಂಟ್‌ನಲ್ಲೇ ನಿಂತಿರುತ್ತದೆ, 5.9ರಲ್ಲಿ ಹಾಗಿಲ್ಲ. ಕೂಲೆಂಟ್‌ಗೆ ಹಾಕುವ ರಾಸಾಯನಿಕ ಕಮ್ಮಿಯಾದರೆ ಲೈನರಿನಲ್ಲಿ ತೂತು ಬೀಳುತ್ತದೆ. ಆ ಎರಡು ಫೈಲಿನಲ್ಲಿ ಮೊದಲು ಕೂಲೆಂಟ್ ಬಿಲ್ ಹುಡುಕಿ.

ಬೇಏರಿಯಾ_ಅಕ್ಕ

ಬೆಲ್ಟ್ ಎಷ್ಟಿವೆ ಅಂತಲೂ ಫೋನಿನಲ್ಲೇ ಕೇಳಿಬಿಡಿ. ಬಾಗಿಲ ಮೆಟ್ಟಿಲ ಪಕ್ಕ ಹಿಡಿಕೆ ಇದೆಯಾ ಅಂತಲೂ ಕೇಳಿ, ಅಮ್ಮನಿಗೆ ಬೇಕಾಗುತ್ತದೆ.

ಹಾಸನ_ಡಲ್ಲಾಸ್

ಈಗಷ್ಟೇ ಫೋನ್ ಮಾಡಿದೆ. ಎಂಜಿನ್ 2003ರ ಕೊನೆಯದಂತೆ, ಸೀರಿಯಲ್ ನಂಬರ್ ಕಳಿಸುತ್ತೇನೆ ಅಂದಿದ್ದಾರೆ. ರೇಡಿಯೇಟರ್ ಪಕ್ಕದಲ್ಲಿದೆ. ಟೇಬಲ್ ಹತ್ತಿರ ಮುಂದಕ್ಕೆ ಮುಖ ಮಾಡಿದ ಎರಡು ಸೀಟು, ಸೊಂಟದ ಬೆಲ್ಟ್ ಇದೆ. ಹಿಡಿಕೆ ಎರಡೂ ಕಡೆ ಇದೆಯಂತೆ. ಶನಿವಾರ ಬೆಳಿಗ್ಗೆ ಏಳಕ್ಕೆ ಬರುತ್ತೇವೆ, ಅಲ್ಲಿಯವರೆಗೆ ಸ್ಟಾರ್ಟ್ ಮಾಡಬೇಡಿ ಅಂತ ಹೇಳಿದ್ದೇನೆ.

ಗಾಲಿ_ಮನೆ

ಸರಿ. ಟಯರ್ ನಂಬರ್ ಫೋಟೋ ಇಲ್ಲಿ ಹಾಕಿ, ಆರರದ್ದೂ.